ಕತ್ತರಿ ಅವರ ಕೈಯಲ್ಲೇ ಇರಲಿ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ಧಾರವಾಡದ ನಮ್ಮ ಬಡಾವಣೆಯಲ್ಲಿ ಹಿರಿಯರಿಗಾಗಿ ವಾರಕ್ಕೊಮ್ಮೆ ಕೊಲಾಜ್, ಅಂದರೆ ಕಾಗದ, ಬಟ್ಟೆಯ ಚೂರು ಅಂಟಿಸಿ ಚಿತ್ರ ಮಾಡುವ ತರಗತಿ ನಡೆಸುತ್ತ ಬಂದಿದ್ದೇನೆ. ಗುಡಿಯ ಹಿಂದಿನ ಹಾಲ್, ಉದ್ದನೆಯ ಟೇಬಲ್ಲುಗಳು, ರದ್ದಿ ತುಂಬಿದ ಡಬ್ಬಿಗಳು. ಇಷ್ಟೇ ನಮ್ಮ ಬಂಡವಾಳ. ಬರುವವರಲ್ಲಿ ಅರವತ್ತರ ಆಸುಪಾಸಿನವರು ಕಡಿಮೆ, ಎಪ್ಪತ್ತು ದಾಟಿದವರೇ ಹೆಚ್ಚು.

ಬಣ್ಣ, ಕುಂಚ ಬಿಟ್ಟು ಕೊಲಾಜನ್ನೇ ಯಾಕೆ ಹಿಡಿದಿರಿ ಎಂದು ಕೇಳುವವರಿದ್ದಾರೆ. ಈ ವಯಸ್ಸಿನವರು ಏನು ಉಣ್ಣಬೇಕು, ಯಾವ ಡಾಕ್ಟರಿಗೆ ತೋರಿಸಬೇಕು, ಯಾವ ಮಗನ ಮನೆಯಲ್ಲಿ ಎಷ್ಟು ತಿಂಗಳು ಇರಬೇಕು ಎಂಬುದನ್ನೆಲ್ಲ ಬೇರೆಯವರೇ ಗೊತ್ತು ಮಾಡಿರುತ್ತಾರೆ. ಕೊಲಾಜ್‌ನಲ್ಲಿ ಇರುವುದೆಲ್ಲ ಆಯ್ಕೆ: ಯಾವ ಚೂರು, ಎಲ್ಲಿ, ಯಾವುದರ ಮೇಲೆ. ಅದನ್ನು ಅವರೇ ಮಾಡಬೇಕು. ಕಲಿಸುವವನು ಆ ಆಯ್ಕೆಗೆ ಅನುಕೂಲ ಮಾಡಿಕೊಟ್ಟು ಪಕ್ಕಕ್ಕೆ ನಿಂತರೆ ಸಾಕು. ಪಕ್ಕಕ್ಕೆ ನಿಲ್ಲುವುದೇ ಕಷ್ಟದ ಕೆಲಸ. ತಮ್ಮ ಊರಿನಲ್ಲೂ ಇಂಥದ್ದು ಶುರು ಮಾಡಬೇಕೆಂದು ಬರುವವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಕುರ್ಚಿ ನೋಡಿ, ಕಲೆ ಆಮೇಲೆ

ತರಗತಿ ನೆಲಮಹಡಿಯಲ್ಲೇ ಇರಬೇಕು. ಕುರ್ಚಿಗೆ ಕೈ ಇರಬೇಕು, ಇಲ್ಲದಿದ್ದರೆ ಮೊಣಕಾಲು ನೋವಿನವರು ಏಳುವಾಗ ಟೇಬಲ್ಲು ಹಿಡಿದು ಎಳೆಯುತ್ತಾರೆ, ಅಂಟಿನ ಬಟ್ಟಲು ಉರುಳುತ್ತದೆ. ಪಾಶ್ಚಾತ್ಯ ಮಾದರಿಯ ಶೌಚಾಲಯ ಹತ್ತಿರದಲ್ಲಿರಬೇಕು. ಇದು ಇಲ್ಲ ಎಂಬ ಒಂದೇ ಕಾರಣಕ್ಕೆ ಬಾರದೆ ಉಳಿಯುವ ಹೆಣ್ಣುಮಕ್ಕಳಿದ್ದಾರೆ. ಬಾಯಿ ಬಿಟ್ಟು ಹೇಳುವುದಿಲ್ಲ, "ಮನ್ಯಾಗ ಕೆಲಸ ಇತ್ರಿ" ಅನ್ನುತ್ತಾರೆ.

ಹೊತ್ತು ಬೆಳಗಿನ ಹತ್ತೂವರೆಯಿಂದ ಹನ್ನೆರಡು. ನಾಷ್ಟಾ, ಗುಳಿಗೆ ಎಲ್ಲ ಮುಗಿದಿರುತ್ತದೆ, ಊಟಕ್ಕೆ ತಡವೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ಊಟದ ಹೊತ್ತು ಮೀರಿ ಕೂರಿಸಿಕೊಳ್ಳಬಾರದು. ಹನ್ನೊಂದಕ್ಕೆ ಚಹಾ. ಚಹಾದ ಕಪ್ಪು ಬೇರೆ ಟೇಬಲ್ಲಿನ ಮೇಲಿರಲಿ, ಕೆಲಸದ ಟೇಬಲ್ಲಿಗೆ ತಂದರೆ ಬ್ರಷ್ಷು ಅದರಲ್ಲೇ ಅದ್ದುವುದು ಖಂಡಿತ.

2. ಖಾಲಿ ಹಾಳೆಗೆ ಹೆದರುವವರಿಗೆ ಅಂಚು ತೋರಿಸಿ

"ನನಗ ಚಿತ್ರ ತಗಿಯಾಕ ಬರಂಗಿಲ್ರಿ ಸರ." ಹೊಸಬರ ಮೊದಲ ಮಾತು ಇದೇ. ಐವತ್ತು ಅರವತ್ತು ವರ್ಷಗಳ ಹಿಂದೆ ನನ್ನಂಥ ಯಾವನೋ ಮಾಸ್ತರ ಹೂಜಿಯ ಎರಡು ಬದಿ ಸರಿಸಮ ಬರಲಿಲ್ಲವೆಂದು ಬೈದಿರುತ್ತಾನೆ, ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ನಪಾಸಾಗಿರುತ್ತಾರೆ. ಗಾಯ ಹಾಗೆಯೇ ಇರುತ್ತದೆ. ಬಿಳಿ ಡ್ರಾಯಿಂಗ್ ಶೀಟು ಮುಂದಿಟ್ಟ ಕೂಡಲೇ ಪರೀಕ್ಷೆಯ ಕೋಣೆಗೆ ಮರಳಿ ಹೋಗುತ್ತಾರೆ.

ಅದಕ್ಕೆ ನಾನು ಬಿಳಿ ಹಾಳೆ ಇಡುವುದೇ ಇಲ್ಲ. ಸೀರೆ ಅಂಗಡಿಯ ಡಬ್ಬಿಯ ರಟ್ಟು, ಎ4 ಅಳತೆಗೆ ಕತ್ತರಿಸಿದ್ದು. ರಟ್ಟಿಗೆ ಮೊದಲೇ ಏನೋ ಒಂದು ಬಣ್ಣ ಇರುತ್ತದೆ, ರದ್ದಿ ಎಂಬ ಭಾವನೆ ಇರುತ್ತದೆ. ಕೆಡಿಸಲು ಯಾರೂ ಅಂಜುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂಬುದಕ್ಕೆ ಉತ್ತರ ನಮ್ಮ ಸೀಮೆಯ ಕೌದಿಯಲ್ಲೇ ಇದೆ. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರ ಪದರವಾಗಿ ಹಾಸಿ ದಾರ ಓಡಿಸಿದ ಕೌದಿ ಹೊದ್ದು ಬೆಳೆದವರೇ ನಮ್ಮಲ್ಲಿ ಬರುವವರೆಲ್ಲ. ಎಷ್ಟೋ ಹೆಂಗಸರು ಸ್ವತಃ ಹೊಲಿದವರು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ ಎಂಬ ತಮ್ಮ ಕೌದಿ ಹೊಲಿಯುವಾಗ ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಚೂರುಬಟ್ಟೆ ಮಡಿಸಿ 'ಫೂಲ್' ಇಡುತ್ತಾರೆ. ನಾನು ಇದನ್ನು ಹಾಗೆಯೇ ಎತ್ತಿಕೊಂಡಿದ್ದೇನೆ. ಮೊದಲು ಒಂದು ಮೂಲೆಗೆ ಒಂದು ಚೂರು, ಆಮೇಲೆ ಅಂಚು, ಆಮೇಲೆ ಒಳಗೆ. ನಡುವಿಗೆ ಬರುವಷ್ಟರಲ್ಲಿ ಹೆದರಿಕೆ ಹೋಗಿರುತ್ತದೆ. ನಡುವೆ ಏನಿಡಬೇಕೆಂಬುದೂ ಹೊಳೆದಿರುತ್ತದೆ.

ಕೌದಿ ಹೊಲಿದ ಅಜ್ಜಿಯರಿಗೆ ಬಣ್ಣದ ಹೊಂದಾಣಿಕೆಯ ಪಾಠ ಹೇಳಲು ಹೋಗಬೇಡಿ. ಎರಡು ಗಾಢ ಬಣ್ಣಗಳ ನಡುವೆ ಒಂದು ತಿಳಿ ಬಣ್ಣ ಬೇಕೆಂಬುದು ಅವರ ಬೆರಳಿಗೇ ಗೊತ್ತಿದೆ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ ನೋಡುತ್ತ ಬೆಳೆದ ಕಣ್ಣು ಅದು.

3. ಇಡೀ ಪತ್ರಿಕೆ ಕೈಗೆ ಕೊಡಬೇಡಿ

'ಸುಧಾ', 'ಮಯೂರ', 'ತುಷಾರ'ದ ಹಳೆಯ ಸಂಚಿಕೆಗಳನ್ನು ರಾಶಿ ಹಾಕಿದರೆ ಒಂದೂವರೆ ಗಂಟೆ ಎಲ್ಲರೂ ಓದುತ್ತ ಕೂರುತ್ತಾರೆ. ಪದಬಂಧ ಬಿಡಿಸುವವರು ಬೇರೆ. ಹಾಳೆಗಳನ್ನು ಮೊದಲೇ ಹರಿದು, ಬಣ್ಣದ ಪ್ರಕಾರ ಡಬ್ಬಿಗೆ ಹಾಕಿಡಿ: ಕೆಂಪಿನದು, ಹಸಿರಿನದು, ಆಕಾಶ, ಮಣ್ಣು, ಮುಖಗಳು, ಅಕ್ಷರಗಳು. ದಿನಪತ್ರಿಕೆಯಾದರೆ ಶ್ರದ್ಧಾಂಜಲಿಯ ಪುಟ ತೆಗೆದುಬಿಡಿ. ಕಂಡರೆ ಓದುತ್ತಾರೆ, ಓದಿದರೆ ಪರಿಚಯದವರು ಸಿಗುತ್ತಾರೆ, ಅವತ್ತಿನ ತರಗತಿ ಅಲ್ಲಿಗೆ ಮುಗಿಯಿತು.

ಮನೆಯಿಂದ ತರಿಸುವುದಾದರೆ ಲಗ್ನಪತ್ರಿಕೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ದಪ್ಪ ಕಾಗದ, ಜರಿ ಹೊಳಪು, ಹರಿದರೆ ಒಳಗಿನ ಬಿಳಿ ಎಳೆ ಚೆಂದಾಗಿ ಕಾಣುತ್ತದೆ. ಪ್ರತಿ ಮನೆಯಲ್ಲೂ ಅಟ್ಟದ ಮೇಲೆ ಒಂದು ಗಂಟು ಇದ್ದೇ ಇರುತ್ತದೆ. ಬಸ್ ಟಿಕೇಟು, ಊದಿನಕಡ್ಡಿ ಪೊಟ್ಟಣ, ದರ್ಜಿಯ ಅಂಗಡಿಯ ಚಿಂದಿ, ಗಾಳಿಪಟದ ಕಾಗದ, ಗುಳಿಗೆಯ ಬೆಳ್ಳಿಹಾಳೆ ಎಲ್ಲವೂ ಬರಲಿ. ಗುಳಿಗೆಯ ಹಾಳೆ ತರುವಾಗ ಒಳಗೆ ಗುಳಿಗೆ ಉಳಿದಿಲ್ಲವೆಂದು ಮಾತ್ರ ನೋಡಿಕೊಳ್ಳಿ.

4. ದೇವರಿಗೆ ಕತ್ತರಿ ಹಾಕಿಸಬೇಡಿ

ಹಳೆಯ ಕ್ಯಾಲೆಂಡರುಗಳ ತುಂಬ ಗಣಪತಿ, ಲಕ್ಷ್ಮಿ, ಬಸವಣ್ಣ, ಸಿದ್ಧಾರೂಢರು. ಲಗ್ನಪತ್ರಿಕೆಯ ಮೇಲೂ ಅವರೇ. ಚಿತ್ರಕಲೆಯ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯ ಇರುವುದಿಲ್ಲ, ನಮ್ಮ ತರಗತಿಯಲ್ಲಿ ಮಾತ್ರ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು. ಹೆಚ್ಚಿನವರು ಕತ್ತರಿಸುವುದಿಲ್ಲ. ಒತ್ತಾಯ ಮಾಡಬಾರದು, "ಅದು ಬರೇ ಕಾಗದ" ಎಂಬ ಭಾಷಣವಂತೂ ಬೇಡವೇ ಬೇಡ. ನಾವು ಒಂದು ಡಬ್ಬಿಯನ್ನು ದೇವರಿಗೆಂದೇ ಇಟ್ಟಿದ್ದೇವೆ. ವಿಂಗಡಿಸುವಾಗ ದೇವರ ಪಟಗಳೆಲ್ಲ ಅದಕ್ಕೆ ಹೋಗುತ್ತವೆ. ಪೂರ್ತಿ ಪಟವನ್ನು ಹಾಗೆಯೇ ಅಂಟಿಸಬೇಕೆನ್ನುವವರು ಅದರಿಂದ ತೆಗೆದುಕೊಳ್ಳುತ್ತಾರೆ. ಉಳಿದದ್ದನ್ನು ಗುಡಿಯವರು ವಿಲೇವಾರಿ ಮಾಡುತ್ತಾರೆ.

ಕೆಳಗೆ ಬಿದ್ದ ಕಾಗದ ಕಾಲಿಗೆ ತಾಗಿದರೆ ಬಗ್ಗಿ ಕಣ್ಣಿಗೊತ್ತಿಕೊಳ್ಳುವವರಿದ್ದಾರೆ. ಎಂಬತ್ತರ ಸೊಂಟ ಹಾಗೆ ಪದೇ ಪದೇ ಬಗ್ಗುವಂಥದ್ದಲ್ಲ. ಪ್ರತಿ ಕುರ್ಚಿಯ ಪಕ್ಕ ಬುಟ್ಟಿ ಇಟ್ಟು ಚೂರು ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಲೇಸು.

5. ಕತ್ತರಿ ಹಿಡಿಯಲಾರದ ಕೈ ಹರಿಯಬಲ್ಲದು

ಸಂಧಿವಾತದ ಬೆರಳು ಕತ್ತರಿಯ ಕಿವಿಯೊಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ. ಒತ್ತಿ ಬಿಟ್ಟರೆ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಸಿಗುತ್ತದೆ, ಒಂದೆರಡು ಇರಲಿ. ಅದೂ ಆಗದವರು ಕೈಯಿಂದ ಹರಿಯಲಿ. ಹರಿದ ಅಂಚಿಗೆ ಕತ್ತರಿಸಿದ ಅಂಚಿಗಿಲ್ಲದ ಮೆದುತನ ಇದೆ. ಗುಡ್ಡ, ಮೋಡ, ಹೊಳೆಯ ದಂಡೆ ಎಲ್ಲ ಹರಿದ ಕಾಗದದಲ್ಲೇ ಚೆಂದ. ಪತ್ರಿಕೆಯ ಕಾಗದಕ್ಕೆ ಒಂದು ಎಳೆ ಇರುತ್ತದೆ. ಉದ್ದಕ್ಕೆ ಎಳೆದರೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಎಳೆದರೆ ಸೊಟ್ಟಗೆ. ಇದನ್ನು ಮೊದಲ ದಿನವೇ ಕೈಯಲ್ಲಿ ಮಾಡಿಸಿ ತೋರಿಸಿ. ಕೈ ನಡುಗುವವರ ರಟ್ಟನ್ನು ಟೇಬಲ್ಲಿಗೆ ಟೇಪು ಹಚ್ಚಿ ಬಿಗಿದುಬಿಡಿ, ಒಂದು ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ತಪ್ಪುತ್ತದೆ.

ಸಹಾಯಕರು ಬೇಕಾಗುತ್ತಾರೆ, ಆದರೆ ಅವರಿಗೆ ತರಬೇತಿ ಕೊಡುವುದೇ ದೊಡ್ಡ ಕೆಲಸ. ನಮ್ಮಲ್ಲಿಗೆ ಸ್ವಯಂಸೇವೆಗೆ ಬರುವ ಕಾಲೇಜು ಹುಡುಗಿಯರು ಭಾಳ ಒಳ್ಳೆಯವರು, ಒಳ್ಳೆಯತನದಿಂದಲೇ ತೊಂದರೆ. ಅಜ್ಜಿ ಚೂರು ಹಿಡಿದು ಯೋಚಿಸುತ್ತಿರುವಾಗ ಇವರು "ಇಲ್ಲಿ ಹಚ್ರಿ, ಇಲ್ಲಿ ಚೆಂದ ಕಾಣ್ತದ" ಎಂದು ಬೆರಳಿಟ್ಟು ತೋರಿಸಿಬಿಡುತ್ತಾರೆ. ಅಜ್ಜಿ ಅಲ್ಲೇ ಅಂಟಿಸುತ್ತಾಳೆ. ಜೀವನವಿಡೀ ಇನ್ನೊಬ್ಬರು ತೋರಿಸಿದಲ್ಲಿ ಇಟ್ಟವಳು ಆಕೆ.

ಈ ಹುಡುಗಿಯರಿಗೆ ನಾನು ಹೇಳುವುದು ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತಿಸ್‌ನ ಕಥೆ. 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಆತ ಹೆಚ್ಚಾಗಿ ಹಾಸಿಗೆ, ಗಾಲಿಕುರ್ಚಿಯಲ್ಲೇ ಇದ್ದ. ಸಹಾಯಕರು ಹಾಳೆಗಳಿಗೆ ಬಣ್ಣ ಬಳಿದು ಕೊಡುತ್ತಿದ್ದರು, ಆತ ಕತ್ತರಿಸುತ್ತಿದ್ದ. ಅವರು ಆತ ಹೇಳಿದ ಜಾಗಕ್ಕೆ ಚೂರನ್ನು ಪಿನ್ನು ಹಾಕಿ ನಿಲ್ಲಿಸುತ್ತಿದ್ದರು. ಅಲ್ಲಲ್ಲ, ಇನ್ನಷ್ಟು ಮೇಲೆ, ಎಂದರೆ ಮೇಲೆ. 1953ರಲ್ಲಿ ಹೀಗೆ ಆದ 'ಬಸವನಹುಳು' ಎತ್ತರ ಅಗಲ ಎರಡರಲ್ಲೂ ಒಂಬತ್ತು ಅಡಿ ಮೀರುತ್ತದೆ. ಆಗ ಆತನಿಗೆ 83. ಪಿನ್ನು ಚುಚ್ಚಿದವರು ಯಾರೇ ಆಗಿರಲಿ, ಚಿತ್ರ ಮಾತಿಸ್‌ನದೇ. ನಮ್ಮ ಸಹಾಯಕರು ಬಾಯಿ ಮುಚ್ಚಿಕೊಂಡು ಹೇಳಿದಲ್ಲಿ ಹಿಡಿದರೆ ಚಿತ್ರ ಅಜ್ಜಿಯದೇ.

6. ಕಣ್ಣಿನ ವಿಚಾರ

ಅರವತ್ತು ದಾಟಿದ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಪಾಲಿನಷ್ಟು. ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗಿ ಹಳದಿಗೆ ತಿರುಗುತ್ತದೆ. ನಿಮಗೆ ಸಾಕೆನಿಸಿದ ಬೆಳಕು ಅವರಿಗೆ ಸಾಲದು ಎಂದೇ ತಿಳಿದು ಟೇಬಲ್ಲನ್ನು ಕಿಟಕಿಯ ಹತ್ತಿರ ಎಳೆಯಿರಿ. ಬಿಸಿಲು ನೇರ ಬೀಳುವಲ್ಲಿ ಬೇಡ, ಹೊಳಪಿನ ಕಾಗದ ಕಣ್ಣಿಗೆ ಚುಚ್ಚುತ್ತದೆ.

ಮಸೂರ ಹಳದಿಯಾದಾಗ ನೀಲಿ, ನೇರಳೆ, ಕಪ್ಪು ಒಂದರೊಳಗೊಂದು ಕಲಸಿಹೋಗುತ್ತವೆ. ಯಾರಾದರೂ ಕಡುನೀಲಿಯ ಮೇಲೆ ಕಪ್ಪು ಅಂಟಿಸುತ್ತಿದ್ದರೆ ಅದು ಅಭಿರುಚಿಯ ದೋಷವಲ್ಲ, ಕಣ್ಣಿನ ಡಾಕ್ಟರಿಗೆ ತೋರಿಸುವ ಹೊತ್ತು. ನಮ್ಮಲ್ಲೊಬ್ಬ ನಿವೃತ್ತ ಟೀಚರಮ್ಮ ಪೊರೆಯ ಆಪರೇಷನ್ ಮಾಡಿಸಿಕೊಂಡು ಬಂದು ತಮ್ಮದೇ ಹಳೆಯ ಕೊಲಾಜ್ ನೋಡಿ, "ಯವ್ವಾ, ಇಷ್ಟು ನೀಲಿ ಯಾರು ಹಚ್ಚಿದ್ರು?" ಎಂದು ಕೇಳಿದರು. ಇಡೀ ಟೇಬಲ್ಲು ನಕ್ಕಿತು.

ಹಿನ್ನೆಲೆ ಕಪ್ಪಾಗಿದ್ದರೆ ತಿಳಿ ಬಣ್ಣದ ಚೂರು ಎದ್ದು ಕಾಣುತ್ತದೆ. ಇಂಗ್ಲೆಂಡಿನ ಮೇರಿ ಡೆಲನಿ 1772ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಣ್ಣದ ಕಾಗದದಿಂದ ಹೂಗಳನ್ನು ಕತ್ತರಿಸಿ ಅಂಟಿಸತೊಡಗಿದಾಗ ಆಯ್ದುಕೊಂಡದ್ದು ಕಪ್ಪು ಹಿನ್ನೆಲೆಯನ್ನೇ. ಕಣ್ಣು ಕೈಕೊಡುವವರೆಗೆ, ಸುಮಾರು ಹತ್ತು ವರ್ಷ, ಸಾವಿರದ ಹತ್ತಿರ ಹೂ ಮಾಡಿದರು. ಅವೆಲ್ಲ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಕಣ್ಣು ಪೂರ್ತಿ ಹೋದರೆ? ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರಿಗೆ 1950ರ ದಶಕದಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಬೆರಳಿನಿಂದ ಅಂಚು ತಡವಿ ಜಾಗ ಗೊತ್ತು ಮಾಡಿಕೊಂಡು. ಅವರ ಶಿಷ್ಯ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ದೃಷ್ಟಿ ಮಂದವಾದವರು ತರಗತಿಗೆ ಬಂದರೆ ಚಿಂದಿ ಬಟ್ಟೆ, ಮರಳುಕಾಗದ, ಸೆಣಬಿನ ದಾರ, ಉಬ್ಬಕ್ಷರದ ಲಗ್ನಪತ್ರಿಕೆ ಕೊಡಿ. ಖಣ, ಗೋಣಿತಟ್ಟು ಬೆರಳಿಗೆ ಬೇರೆ ಬೇರೆ ಮಾತಾಡುತ್ತವೆ.

7. ಅಂಟು

ಚಿಕ್ಕ ವಿಷಯ, ಹೆಚ್ಚು ಕೆಡುವುದು ಇಲ್ಲೇ. ಬಿಳಿ ಫೆವಿಕಾಲ್ ಗಟ್ಟಿಯಾಗಿ ಬಳಿದರೆ ಕಾಗದ ಸುಕ್ಕುಗಟ್ಟುತ್ತದೆ. ಸ್ವಲ್ಪ ನೀರು ಬೆರೆಸಿ, ಒಂದಿಂಚಿನ ಬ್ರಷ್ಷಿನಿಂದ ರಟ್ಟಿಗೆ ತೆಳ್ಳಗೆ ಬಳಿದು, ಚೂರಿಟ್ಟು, ಹಳೆಯ ಬಟ್ಟೆಯಿಂದ ನಡುವಿನಿಂದ ಹೊರಗೆ ಒತ್ತುತ್ತ ಬರಬೇಕು. ಗಾಳಿಪಟದ ಕಾಗದಕ್ಕೆ ಅಂಟುಕಡ್ಡಿಯೇ ಸರಿ, ಒದ್ದೆ ತಾಗಿದರೆ ಬಣ್ಣ ಬಿಡುತ್ತದೆ.

ಮದುವೆ ಮನೆಗೆ ಬಣ್ಣದ ಪರಪರಿ ಅಂಟಿಸಿದ ನೆನಪಿನವರು ಮೈದಾ ಅಂಟನ್ನೇ ಕೇಳುತ್ತಾರೆ. ಕಾಸಿಕೊಡಿ, ಅದರ ವಾಸನೆಗೇ ಮಾತು ಶುರುವಾಗುತ್ತದೆ. ಎರಡು ದಿನಕ್ಕಿಂತ ಇಡಬೇಡಿ. ಬುಕ್ ಬೈಂಡಿಂಗ್‌ನವರು ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸುತ್ತಾರಲ್ಲ, ಅದು ವಿಷ. ನಮ್ಮ ತರಗತಿಯಲ್ಲಿ ಮರೆವಿನವರು ಬೆರಳು ನೆಕ್ಕುತ್ತಾರೆ. ಬೇಡವೇ ಬೇಡ.

8. ಅಂಟಿಸಲು ಅವಸರ ಮಾಡಬೇಡಿ

ಚೂರುಗಳನ್ನು ಅತ್ತಿತ್ತ ಸರಿಸುತ್ತ ಇಡೀ ಹೊತ್ತು ಕಳೆಯುವವರಿರುತ್ತಾರೆ. ಮುಗಿಸಿ ಎನ್ನಬೇಡಿ. ಜೋಡಿಸಿದ್ದರ ಮೇಲೆ ಇನ್ನೊಂದು ರಟ್ಟು ಮುಚ್ಚಿ, ನಾಲ್ಕೂ ಕಡೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಟ್ಟರೆ ಮುಂದಿನ ವಾರಕ್ಕೆ ಹಾಗೆಯೇ ಸಿಗುತ್ತದೆ.

9. "ಭಾಳ ಛಲೋ" ಅನ್ನಬೇಡಿ

ಎಲ್ಲದಕ್ಕೂ ಭಾಳ ಛಲೋ ಆಗೇದ್ರಿ ಎನ್ನುವವನ ಮಾತನ್ನು ಎಪ್ಪತ್ತು ವರ್ಷ ಲೋಕ ಕಂಡವರು ನಂಬುವುದಿಲ್ಲ. ಮಕ್ಕಳಿಗೆ ಹೇಳುವ ಧಾಟಿ ಅವರಿಗೆ ತಿಳಿಯುತ್ತದೆ, ಮುಖ ಬಿಗಿಯಾಗುತ್ತದೆ. ಕಂಡದ್ದನ್ನು ಹೇಳಿ, ಇಲ್ಲವೇ ಕೇಳಿ: "ಈ ಕೆಂಪು ಮೂಲ್ಯಾಗ ಯಾಕ ಬಂತ್ರೀ ಅಮ್ಮಾರ?" ಉತ್ತರ ಬಂದರೆ ಕೂತು ಕೇಳಿ. "ಹಂಗ ಸುಮ್ನ" ಅಂದರೆ ಮುಂದಿನ ಟೇಬಲ್ಲಿಗೆ ಹೋಗಿ. ಬಹುಮಾನ, ಸ್ಪರ್ಧೆ ಖಂಡಿತ ಇಡಬಾರದು. ಮಾದರಿ ಚಿತ್ರ ತೋರಿಸಿ ಅದರಂತೆ ಮಾಡಿಸುವುದೂ ನನಗೆ ಸರಿ ಬರುವುದಿಲ್ಲ. ಕೊನೆಗೆ ಒಂದೇ ಥರದ ನವಿಲು ಸಾಲಾಗಿ ಕೂರುತ್ತವೆ, ಅದರಲ್ಲಿ ಯಾರ ಕೈಯೂ ಕಾಣುವುದಿಲ್ಲ.

10. ಗಂಡಸರು

ಬರುವುದೇ ಕಡಿಮೆ. ಹೆಂಡತಿಯನ್ನು ಬಿಟ್ಟುಹೋಗಲು ಬಂದು ಬಾಗಿಲಲ್ಲಿ ಪೇಪರ್ ಓದುತ್ತ ನಿಲ್ಲುತ್ತಾರೆ, "ಇದು ಹುಡುಗರ ಆಟ" ಎನ್ನುತ್ತಾರೆ. ಒಳಗೆ ಕರೆದು ಕೆಲಸ ಹೇಳಿ: ರಟ್ಟು ಅಳತೆ ಮಾಡಿ ಕತ್ತರಿಸಬೇಕು, ಸ್ಕೇಲು ಹಿಡಿಯಬೇಕು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರು ಹಾಗೆ ಒಳಗೆ ಬಂದವರು, ಈಗ ಬಸ್ ಟಿಕೇಟುಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಜೋಡಿಸಿ ಊರಿನ ನಕ್ಷೆ ಮಾಡುತ್ತಾರೆ. ಸ್ಕೇಲು ಬಿಡಿ, ಕೈ ಸಡಿಲ ಬಿಡಿ ಎಂದು ನಾನು ಹೇಳಿಲ್ಲ. ಗಂಡ ಹೆಂಡತಿಯನ್ನು ಒಂದೇ ಟೇಬಲ್ಲಿಗೆ ಕೂರಿಸಬೇಡಿ. ಮತ್ತೊಂದು: ಬ್ರಷ್ಷು ತೊಳೆಯುವುದು, ಕಪ್ಪು ಎತ್ತುವುದು ಗಂಡಸರ ಪಾಳಿ. ಹೇಳದಿದ್ದರೆ ಹೆಂಗಸರು ತಾವಾಗಿ ಎದ್ದುಬಿಡುತ್ತಾರೆ.

11. ಫೋಟೋ ಬಂದಾಗ

ತಿಂಗಳು ಕಳೆದ ಮೇಲೆ ಮನೆಯ ಹಳೆಯ ಫೋಟೋ ತರಲು ಹೇಳುತ್ತೇನೆ, ಮೊದಲೇ ಅಲ್ಲ. ಮೂಲ ಪ್ರತಿಗೆ ಯಾವತ್ತೂ ಕತ್ತರಿ ತಾಗಬಾರದು, ಝೆರಾಕ್ಸ್ ಮಾಡಿಸಿ. ಇಂಕ್‌ಜೆಟ್ ಪ್ರಿಂಟ್ ಅಂಟಿಗೆ ಕದಡುತ್ತದೆ, ಝೆರಾಕ್ಸ್ ಕದಡುವುದಿಲ್ಲ.

ಇಲ್ಲಿಂದ ಮುಂದೆ ಏನು ಹೊರಗೆ ಬರುತ್ತದೆಂದು ಹೇಳಲಾಗದು. ಒಬ್ಬರು ತೀರಿಹೋದ ಗಂಡನ ಮುಖವನ್ನು ಅಂಟಿಸದೆ ಅವರ ಟೋಪಿಯನ್ನಷ್ಟೇ ಅಂಟಿಸಿದರು. ಇನ್ನೊಬ್ಬರು ಕುಟುಂಬದ ಗ್ರೂಪ್ ಫೋಟೋದಿಂದ ತಮ್ಮನನ್ನು ಕತ್ತರಿಸಿ ತೆಗೆದು, ಆ ಕಿಂಡಿಯ ಹಿಂದೆ ಜೋಳದ ಹೊಲದ ಚಿತ್ರ ಇಟ್ಟರು. ಅವರಿಗೂ ಆ ತಮ್ಮನಿಗೂ ನಡುವಿನ ವ್ಯಾಜ್ಯ ಹೊಲದ್ದೇ ಎಂದು ಆಮೇಲೆ ಗೊತ್ತಾಯಿತು. ನಾನು ಏನೂ ಕೇಳಲಿಲ್ಲ, ಕೇಳುವುದು ನನ್ನ ಕೆಲಸವೂ ಅಲ್ಲ. ಕಣ್ಣೀರು ಬಂದರೆ ನೀರು ಕೊಟ್ಟು ಪಕ್ಕದಲ್ಲಿ ಕೂರಿ. ವೇದಾಂತ ಬೇಡ. ವಾರಗಟ್ಟಲೆ ಅದೇ ಮಂಕು ಮುಂದುವರಿದರೆ ಮನೆಯವರಿಗೆ ತಿಳಿಸಿ. ನಮ್ಮ ಊರಿನಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅಲ್ಲಿಗೆ ಕರೆದೊಯ್ಯಬಹುದು. ಕಲಾ ಚಿಕಿತ್ಸೆ ಎಂಬುದು ಬೇರೆಯೇ ಓದು, ಬೇರೆಯೇ ವೃತ್ತಿ. ಡ್ರಾಯಿಂಗ್ ಮಾಸ್ತರ ಅದರ ವೇಷ ಹಾಕಬಾರದು.

ಮರೆವಿನ ಕಾಯಿಲೆಯವರಿಗೆ ಫೋಟೋ ತೋರಿಸಿ "ಇವರ್ಯಾರು, ನೆನಪದ ಏನ್ರಿ?" ಎಂದು ಮನೆಯವರು ಕೇಳುತ್ತಿರುತ್ತಾರೆ. ಅದು ಪರೀಕ್ಷೆ, ಅವರು ಪ್ರತಿ ಸಲ ಸೋಲುವ ಪರೀಕ್ಷೆ. ಕೊಲಾಜಿಗೆ ನೆನಪು ಬೇಕಿಲ್ಲ. ಎರಡೇ ಎರಡು ಚೂರು ಮುಂದಿಟ್ಟು "ಯಾವುದು ಬೇಕ್ರಿ?" ಎನ್ನಿ. ಹತ್ತು ಇಟ್ಟರೆ ಗಾಬರಿಯಾಗುತ್ತಾರೆ, ಎರಡಿದ್ದರೆ ಕೈ ಚಾಚುತ್ತಾರೆ. ಪ್ರತಿ ವಾರ ಅದೇ ಕುರ್ಚಿ, ಅದೇ ಪಕ್ಕದವರು ಇರಲಿ.

12. ಔಷಧಿಯೆಂದು ಮಾರಬೇಡಿ

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ವರದಿ ಮಾಡಿತು. ಕಲೆಯಿಂದ ಒಳ್ಳೆಯದಾಗುತ್ತದೆ ಎಂಬ ಕಡೆಗೇ ಅದು ವಾಲುತ್ತದೆ. ನನಗೆ ಸಂತೋಷ. ಆದರೂ "ಮರೆವು ಹೋಗ್ತದ, ಬಿಪಿ ಇಳಿತದ" ಎಂದು ಹೇಳಿ ಯಾರನ್ನೂ ಕರೆಯಬೇಡಿ. ಅವರ ದಿನದಲ್ಲಿ ಔಷಧಿಗೆ ಕೊರತೆಯಿಲ್ಲ. ನಡಿಗೆ ಒಳ್ಳೆಯದು, ಮೆಂತ್ಯೆ ಒಳ್ಳೆಯದು, ಪ್ರಾಣಾಯಾಮ ಒಳ್ಳೆಯದು, ಎಲ್ಲ ಒಳ್ಳೆಯದಕ್ಕಾಗಿಯೇ. ಒಳ್ಳೆಯದಲ್ಲದಿದ್ದರೂ ಮಾಡಬಹುದಾದ ಕೆಲಸ ಒಂದಾದರೂ ಇರಲಿ.

ಬಹುಮಾನ, ಸ್ಪರ್ಧೆ ಬೇಡವೆಂದೆ, ಆದರೆ ವರ್ಷಕ್ಕೊಮ್ಮೆ ಪ್ರದರ್ಶನ ಮಾಡಿ. ಕಣ್ಣೆತ್ತರಕ್ಕೆ ತೂಗುಹಾಕಿ, ಹೆಸರು ದಪ್ಪಕ್ಷರದಲ್ಲಿ ಬರೆಯಿರಿ. 'ಇಂಥವರ ತಾಯಿ', 'ಇಂಥವರ ಮಾವ' ಎಂದಲ್ಲ, ಅವರದೇ ಪೂರ್ಣ ಹೆಸರು. ವಯಸ್ಸು ಬರೆಯುವುದು ಬೇಡ. ಬರೆದರೆ ಜನ ಚಿತ್ರ ಬಿಟ್ಟು ವಯಸ್ಸನ್ನು ಮೆಚ್ಚುತ್ತಾರೆ.

ಇಂಥ ತರಗತಿಗೆ ದುಡ್ಡು ಹೆಚ್ಚು ಬೇಡ. ರದ್ದಿ ಪುಕ್ಕಟೆ, ಅಂಟು ಅಗ್ಗ, ಕಲಿಸುವವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು ಸಿಗುತ್ತಾರೆ. ಸಿಗದಿರುವುದು ಕೋಣೆ. ಬಡಾವಣೆಯ ಸಮುದಾಯ ಭವನ, ಗುಡಿಯ ಹಾಲ್‌ಗಳು ಎಷ್ಟೋ ಕಡೆ ವಾರದ ದಿನ ಬೆಳಗಿನ ಹೊತ್ತು ಬೀಗ ಹಾಕಿಕೊಂಡೇ ಇರುತ್ತವೆ. ಅಂಥದ್ದೊಂದರ ಆಡಳಿತ ಮಂಡಳಿಯಲ್ಲಿ ನೀವಿದ್ದರೆ ವಾರಕ್ಕೆ ಎರಡು ತಾಸು ಬೀಗ ತೆಗೆಸಿ. ನೆಲಮಹಡಿಯದೇ ಇರಲಿ, ಶೌಚಾಲಯದ ದೀಪವೂ ಹತ್ತುವಂತಿರಲಿ.